ವಿಜಾಪುರ ಸೀಮೆಯ ಬಳಕೆ ತಪ್ಪಿದ ದ್ವಾರಗಳೂ ನೆಲದೊಳಗಣ ಹಾದಿಗಳೂ

ಒಂದು ಪಟ್ಟಣದ ಇತಿಹಾಸವನ್ನು ಬರೆಯಹೊರಟವರ ದೃಷ್ಟಿ ಮೊದಲು ಅಲ್ಲಿಯ ಅರಮನೆ, ಗುಮ್ಮಟ, ಮಸೀದಿ, ದೇವಾಲಯಗಳ ಮೇಲೆ ನಿಲ್ಲುವುದು ಸಹಜ. ಅವುಗಳನ್ನು ಕಟ್ಟಿಸಿದವರ ಹೆಸರುಗಳು ಶಾಸನಗಳಲ್ಲಿ ದೊರೆಯುತ್ತವೆ; ಕಟ್ಟಿದ ಕಾಲವೂ ಬಹುಮಟ್ಟಿಗೆ ದೊರೆಯುತ್ತದೆ. ಆದರೆ ಅದೇ ಪಟ್ಟಣದ ಜನರು ದಿನವೂ ಹಾಯ್ದು ಬರುತ್ತಿದ್ದ ಬಾಗಿಲುಗಳು, ಆಪತ್ಕಾಲಕ್ಕೆಂದು ಇರಿಸಿಕೊಂಡಿದ್ದ ಕಿರುದ್ವಾರಗಳು, ನೀರು ಮತ್ತು ಗಾಳಿ ಮಾತ್ರ ಸಂಚರಿಸುತ್ತಿದ್ದ ನೆಲದೊಳಗಣ ಹಾದಿಗಳು ನಮ್ಮ ಇತಿಹಾಸಗ್ರಂಥಗಳಲ್ಲಿ ಒಂದೆರಡು ಸಾಲುಗಳಿಗಿಂತ ಹೆಚ್ಚಿನ ಸ್ಥಳವನ್ನು ಪಡೆದಿಲ್ಲ. ವಿಜಾಪುರದ ಮಟ್ಟಿಗಂತೂ ಈ ಉಪೇಕ್ಷೆಯಿಂದ ಎರಡು ಬಗೆಯ ಹಾನಿ ಸಂಭವಿಸಿದೆ. ಕಣ್ಣಿಗೆ ಬೀಳದ ಅವಶೇಷಗಳು ಯಾರ ಲಕ್ಷ್ಯವೂ ಇಲ್ಲದೆ ಮುಚ್ಚಿಹೋಗುತ್ತಿರುವುದು ಒಂದು. ಅವುಗಳ ನಿಜವಾದ ಉಪಯೋಗವು ಮರೆತುಹೋಗಿ ಆ ಸ್ಥಳದಲ್ಲಿ ದಂತಕಥೆಗಳು ಬೇರೂರಿರುವುದು ಇನ್ನೊಂದು. ೨೦೧೪ನೆಯ ನವೆಂಬರ್ ೧ರಿಂದ ಈ ಪಟ್ಟಣವು ಅಧಿಕೃತವಾಗಿ ವಿಜಯಪುರವೆನಿಸಿಕೊಂಡಿದೆ. ನಾವು ಇಲ್ಲಿ ಹೇಳುವುದು ಬಹುತೇಕ ಅದರ ಹಿಂದಿನ ಕಾಲದ ಸಂಗತಿಯಾದುದರಿಂದ ವಿಜಾಪುರವೆಂಬ ರೂಢಿಯ ಹೆಸರನ್ನೇ ಉಳಿಸಿಕೊಂಡಿದ್ದೇವೆ.

ಹಾದಿಯೊಂದು ಹಾಳಾದುದರಿಂದ ಬಳಕೆ ತಪ್ಪುತ್ತದೆಯೆ, ಬಳಕೆ ತಪ್ಪಿದುದರಿಂದ ಹಾಳಾಗುತ್ತದೆಯೆ? ವಿಜಾಪುರದ ಉದಾಹರಣೆಯನ್ನು ಪರಿಶೀಲಿಸಿದರೆ ಎರಡನೆಯದೇ ನಿಜವೆಂದು ನಮಗೆ ತೋರುತ್ತದೆ. ಬಾಗಿಲು ಗಟ್ಟಿಯಾಗಿಯೇ ನಿಂತಿರುತ್ತದೆ. ಆದರೆ ಅದರ ಮುಂದಣ ದಾರಿ ಬೇರೆ ಕಡೆಗೆ ತಿರುಗಿಬಿಟ್ಟಿರುತ್ತದೆ.

ಈ ಮಾತನ್ನು ಸ್ಪಷ್ಟಪಡಿಸಲು ನಮ್ಮ ಕಾಲಕ್ಕೆ ಹತ್ತಿರವಾದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳುವುದು ಅನುಕೂಲ. ಜಗತ್ತಿನ ಮೊದಲನೆಯ ಭೂಗತ ರೈಲುಮಾರ್ಗವು ೧೮೬೩ರಲ್ಲಿ ಲಂಡನ್ ನಗರದಲ್ಲಿ ತೆರೆಯಿತು. ಆಗ ಗಾಡಿಗಳನ್ನು ಎಳೆಯುತ್ತಿದ್ದುದು ಉಗಿಯಂತ್ರ. ಆದುದರಿಂದ ಹೊಗೆ ಹೊರಬೀಳಲು ಅಲ್ಲಲ್ಲಿ ಮಾರ್ಗದ ಮೇಲ್ಭಾಗವನ್ನು ಬಯಲಿಗೆ ತೆರೆದಿಡಬೇಕಾಯಿತು. ಲೀನ್‌ಸ್ಟರ್ ಗಾರ್ಡನ್ಸ್ ಎಂಬ ಬೀದಿಯಲ್ಲಿ ಅಂತಹ ತೆರಪೊಂದು ಬೀದಿಯ ಅಂದವನ್ನು ಕೆಡಿಸೀತೆಂದು ೨೩ ಮತ್ತು ೨೪ನೆಯ ನಂಬರಿನ ಮನೆಗಳ ಮುಂಗೋಡೆಯನ್ನಷ್ಟೆ ಎತ್ತರಿಸಿ ಕಟ್ಟಿದರು. ಬಾಗಿಲು ಕಿಟಕಿಗಳೆಲ್ಲ ಉಂಟು, ಹಿಂದೆ ಮನೆಯೇ ಇಲ್ಲ! ಅದೇ ನಗರದ ಡೌನ್ ಸ್ಟ್ರೀಟ್ ಎಂಬ ನಿಲ್ದಾಣವು ೧೯೦೭ರಲ್ಲಿ ತೆರೆದು, ನೆರೆಯ ನಿಲ್ದಾಣಗಳು ತೀರ ಸಮೀಪವಾಗಿದ್ದುದರಿಂದ ಪ್ರಯಾಣಿಕರಿಲ್ಲದೆ ೧೯೩೨ರಲ್ಲಿ ಮುಚ್ಚಿತು. ಎರಡನೆಯ ಮಹಾಯುದ್ಧದಲ್ಲಿ ಅದರ ಓಣಿಗಳು ರೈಲ್ವೆ ಆಡಳಿತದ ಸುರಕ್ಷಿತ ಕಚೇರಿಯಾಗಿ ಉಪಯೋಗಕ್ಕೆ ಬಂದುವು. ಭಾರತದಲ್ಲಿ ೧೯೮೪ರಲ್ಲಿ ಕಲಕತ್ತೆಯಲ್ಲಿಯೂ, ನಮ್ಮ ರಾಜ್ಯದಲ್ಲಿ ೨೦೧೬ರಲ್ಲಿ ಬೆಂಗಳೂರಿನಲ್ಲಿಯೂ ನೆಲದೊಳಗಣ ರೈಲು ಬಂದಿತು. ಇಂತಹ ಯಾವುದೇ ನಿಲ್ದಾಣದಲ್ಲಿ ಮೂರು ಬಗೆಯ ಹಾದಿಗಳನ್ನು ನಾವು ಕಾಣುತ್ತೇವೆ: ನಿತ್ಯದ ಜನಸಂಚಾರಕ್ಕೆ ಒಂದು, ಅಪಾಯ ಒದಗಿದಾಗ ತಪ್ಪಿಸಿಕೊಳ್ಳಲು ಒಂದು, ಗಾಳಿಗಾಗಿ ಒಂದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಉಳಿದೆರಡು ಸಾಮಾನ್ಯ ಪ್ರಯಾಣಿಕನಿಗೆ ನಿರರ್ಥಕವಾಗಿಯೋ ನಿಗೂಢವಾಗಿಯೋ ತೋರುತ್ತವೆ. ಆದರೆ ಅವಿಲ್ಲದೆ ಮೊದಲನೆಯದು ಒಂದು ದಿನವೂ ನಡೆಯಲಾರದು. ಈ ವಿಭಾಗವನ್ನು ನೆನಪಿನಲ್ಲಿಟ್ಟುಕೊಂಡು ನಾವು ವಿಜಾಪುರ ಸೀಮೆಗೆ ಬರೋಣ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದಾಗ ನಾವು ಆ ತಾಲೂಕುಗಳ ಹಳೆಯ ಎಲ್ಲೆಗಳನ್ನೇ ಗ್ರಹಿಸಿದ್ದೇವೆ; ತಾಳಿಕೋಟೆ, ಚಡಚಣ, ದೇವರಹಿಪ್ಪರಗಿ, ನಿಡಗುಂದಿ, ಕೊಲ್ಹಾರ ಮೊದಲಾದ ತಾಲೂಕುಗಳು ಇತ್ತೀಚಿನವು. ಈ ಭಾಗದ ಹಳೆಯ ಊರುಗಳಲ್ಲಿ ಊರಬಾಗಿಲಿಗೆ ಅಗಸಿ ಎಂದು ಹೆಸರು. ಸುತ್ತಲೂ ಮಣ್ಣಿನ ಇಲ್ಲವೆ ಕಲ್ಲಿನ ಗೋಡೆ, ಎತ್ತರವಾದ ಸ್ಥಳದಲ್ಲಿ ದುಂಡಗೆ ಕಟ್ಟಿದ ಹುಡೇವು, ಊರ ನಡುವೆ ದೇಸಾಯಿ ಅಥವಾ ಗೌಡರ ವಾಡೆ ಇದು ಆ ಊರುಗಳ ಸಾಮಾನ್ಯ ರಚನೆ. ಕತ್ತಲಾದೊಡನೆ ಅಗಸಿಯ ಕದಗಳನ್ನು ಹಾಕುತ್ತಿದ್ದರು. ಹೊತ್ತುಮೀರಿ ಬಂದವನಿಗೆ ಕದದಲ್ಲಿಯೇ ಕೊರೆದಿದ್ದ ದಿಡ್ಡಿಯೊಂದೇ ಗತಿ. ದಿಡ್ಡಿಯನ್ನು ಬಾಗಿಯೇ ಹಾಯಬೇಕು; ಒಬ್ಬನ ಹಿಂದೆ ಒಬ್ಬನು ಹಾಯಬೇಕು; ಕುದುರೆಯ ಮೇಲಿನವನು ಇಳಿಯಲೇಬೇಕು. ಒಳಗೆ ಕಾವಲು ನಿಂತವನಿಗೆ ಇದರಿಂದ ಆಗುವ ಅನುಕೂಲವನ್ನು ವಿವರಿಸಬೇಕಾಗಿಲ್ಲ. ಇಂದು ಅನೇಕ ಊರುಗಳಲ್ಲಿ ಗೋಡೆಯೂ ಇಲ್ಲ, ಕದವೂ ಇಲ್ಲ. ಅಗಸಿ ಎಂಬ ಸ್ಥಳನಾಮವೊಂದು ಉಳಿದಿದೆ. ಸ್ಥಳನಾಮವೂ ಒಂದು ದಾಖಲೆಯೇ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು.

ನೆಲದೊಳಗಣ ಕಟ್ಟಡದ ಅರಿವು ಈ ಸೀಮೆಯ ಒಕ್ಕಲಿಗನಿಗೆ ಹೊಸದೇನೂ ಅಲ್ಲ. ಜೋಳವನ್ನು ಕೂಡಿಡುವ ಹಗೇವು ಇದಕ್ಕೆ ಸಾಕ್ಷಿ. ಒಳಗೆ ವಿಶಾಲವಾಗಿ ತೋಡಿ, ಬಾಯಿಯನ್ನು ಮಾತ್ರ ಒಬ್ಬನು ಇಳಿಯುವಷ್ಟು ಕಿರಿದಾಗಿರಿಸಿ, ಧಾನ್ಯವನ್ನು ತುಂಬಿ, ಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮೆತ್ತಿಬಿಟ್ಟರೆ ಹುಳುವಿನ ಭಯವೂ ಕಡಿಮೆ, ಕಳ್ಳನ ಭಯವೂ ಕಡಿಮೆ. ಆದರೆ ಹಗೇವನ್ನು ತೆಗೆದ ಕೂಡಲೆ ಯಾರೂ ಇಳಿಯುವುದಿಲ್ಲ. ಬಾಯಿಯನ್ನು ಬಹಳ ಹೊತ್ತು ತೆರೆದಿಟ್ಟು, ಹಗ್ಗಕ್ಕೆ ದೀಪವನ್ನು ಕಟ್ಟಿ ಇಳಿಬಿಟ್ಟು ನೋಡುವುದು ಹಿರಿಯರ ಪದ್ಧತಿ. ದೀಪ ಆರಿದರೆ ಒಳಗಣ ಗಾಳಿ ಕೆಟ್ಟಿದೆಯೆಂದು ಅರ್ಥ. ಒಂದೇ ಬಾಯಿಯುಳ್ಳ ತಗ್ಗಿನಲ್ಲಿ ಗಾಳಿ ಚಲಿಸುವುದಿಲ್ಲವೆಂಬ ಈ ಅನುಭವವನ್ನು ಮುಂದಿನ ವಿಚಾರಕ್ಕಾಗಿ ಗಮನದಲ್ಲಿಡಬೇಕು.

ಹಳೆಯ ವಾಡೆ ಅಥವಾ ಹುಡೇವು ಇರುವ ಊರುಗಳಲ್ಲಿ, ಇಲ್ಲಿಂದ ವಿಜಾಪುರಕ್ಕೆ ಸುರಂಗಮಾರ್ಗವಿತ್ತು, ಅರಸರು ಕುದುರೆಯ ಮೇಲೆ ಕುಳಿತೇ ಅದರೊಳಗಿನಿಂದ ಹೋಗುತ್ತಿದ್ದರು ಎಂಬ ಮಾತು ಸಾಮಾನ್ಯ. ಗೋಳಗುಮ್ಮಟದಿಂದ ದೂರದ ರಾಜಧಾನಿಗಳಿಗೆ ಸುರಂಗವಿದೆಯೆಂದು ಹೇಳುವವರೂ ಉಂಟು. ಇಂತಹ ಐತಿಹ್ಯಗಳನ್ನು ನಕ್ಕು ತಳ್ಳಿಹಾಕುವುದು ವಿದ್ವಾಂಸರಿಗೆ ಸುಲಭ. ಆದರೆ ಲೆಕ್ಕ ಹಾಕಿ ನೋಡುವುದು ಹೆಚ್ಚು ನ್ಯಾಯವಾದ ಮಾರ್ಗ. ಸಿಂದಗಿಯಿಂದ ವಿಜಾಪುರಕ್ಕೆ ಸುಮಾರು ೬೦ ಕಿಲೋಮೀಟರ್ ಅಂತರವೆಂದು ಇಟ್ಟುಕೊಳ್ಳೋಣ. ಕುದುರೆಯ ಮಾತನ್ನು ಬಿಟ್ಟು, ಒಬ್ಬ ಮನುಷ್ಯನು ನಡೆಯುವಂತೆ ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಸುರಂಗವನ್ನು ಕಲ್ಪಿಸಿಕೊಂಡರೂ ೧,೨೦,೦೦೦ ಘನ ಮೀಟರ್ ಕಲ್ಲುಮಣ್ಣನ್ನು ಹೊರತೆಗೆಯಬೇಕು. ಬಂಡಿಯೊಂದಕ್ಕೆ ಅರ್ಧ ಘನ ಮೀಟರಿನಂತೆ ಹೇರಿದರೆ ೨,೪೦,೦೦೦ ಬಂಡಿಗಳ ಹೊರೆ. ಅರವತ್ತು ಮೀಟರಿಗೊಂದರಂತೆ ಗಾಳಿಗಂಡಿಗಳನ್ನಿಟ್ಟರೆ ಅವೇ ಒಂದು ಸಾವಿರ ಬೇಕು. ಅಷ್ಟು ಕುಣಿಗಳು, ಅವುಗಳ ಬಾಯಿಯ ಸುತ್ತಲಿನ ಅಷ್ಟು ದಿಬ್ಬಗಳು ಹೊಲಗಳಲ್ಲಿ ಸಾಲುಗಟ್ಟಿ ಕಾಣಬೇಕಾಗಿತ್ತು. ಮುದ್ದೇಬಿಹಾಳ, ಬಾಗೇವಾಡಿಗಳ ಕಡೆಯ ಸುರಂಗಕ್ಕಂತೂ ನಡುವೆ ಡೋಣಿ ನದಿಯ ಅಡಿಯಲ್ಲಿಯೇ ಹಾಯಬೇಕಾದ ಸಂಕಟ ಬೇರೆ. ಎರೆಮಣ್ಣಿನ ಆ ಕೊಳ್ಳದಲ್ಲಿ ಮಳೆಗಾಲದೊಳಗೆ ಬಂಡಿಯ ದಾರಿ ಉಳಿಯುವುದೇ ಕಷ್ಟ, ನೆಲದೊಳಗಣ ಹಾದಿ ಉಳಿಯುವುದೆಂತು?

ಆದರೂ ಐತಿಹ್ಯಕ್ಕೆ ಏನೋ ಒಂದು ಆಧಾರವಿರಬೇಕಲ್ಲವೆ? ಇದೆ. ವಿಜಾಪುರದಲ್ಲಿ ನಿಜವಾಗಿಯೂ ಸುರಂಗಗಳಿವೆ. ಆದರೆ ಅವು ಮನುಷ್ಯರಿಗಾಗಿ ಮಾಡಿದುವಲ್ಲ, ನೀರಿಗಾಗಿ ಮಾಡಿದುವು.

ಪಟ್ಟಣದ ಪಶ್ಚಿಮಕ್ಕೆ ಸುಮಾರು ೫ ಕಿಲೋಮೀಟರ್ ದೂರದಲ್ಲಿ ತೊರವೆ ಇದೆ. ಕುಮಾರವಾಲ್ಮೀಕಿಯ ರಾಮಾಯಣದ ಹೆಸರಿನಲ್ಲಿ ಕನ್ನಡಿಗರೆಲ್ಲರಿಗೂ ಪರಿಚಿತವಾದ ಊರು ಇದೇ. ಇದರ ಆಸುಪಾಸಿನ ಬಯಲಿನಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲಶಾಹನು ೧೫೯೯ರಲ್ಲಿ ನವರಸಪುರವೆಂಬ ಹೊಸ ನಗರವನ್ನು ಆರಂಭಿಸಿದನು. ೧೬೨೪ರಲ್ಲಿ ಮಲಿಕ್ ಅಂಬರನ ದಾಳಿಯಿಂದ ಅದು ಹಾಳಾಯಿತು. ಒಂದನೆಯ ಅಲಿ ಆದಿಲಶಾಹನ (೧೫೫೭-೧೫೮೦) ಕಾಲದಿಂದ ಮೊದಲುಗೊಂಡು ಅವನ ಉತ್ತರಾಧಿಕಾರಿಗಳ ಕಾಲದಲ್ಲಿ ಬೆಳೆದ ನೀರಿನ ವ್ಯವಸ್ಥೆಯಲ್ಲಿ ತೊರವೆಯ ಸುರಂಗಬಾವಡಿ ಮುಖ್ಯವಾದುದು. ಅಲ್ಲಿಂದ ನೆಲದೊಳಗೆ ಕೊರೆದ ಹಾದಿಯಲ್ಲಿ ನೀರು ಪಟ್ಟಣದ ಕಡೆಗೆ ತನ್ನಷ್ಟಕ್ಕೆ ತಾನೇ ಹರಿಯುತ್ತಿತ್ತು. ಎತ್ತುಗಳಿಲ್ಲ, ಮಟ್ಟಿಯಿಲ್ಲ, ರಾಟೆಯಿಲ್ಲ, ಇಳಿಜಾರೊಂದೇ ಸಾಧನ.

ಈ ವಿದ್ಯೆ ಮೂಲತಃ ಇರಾನಿನದು. ಅಲ್ಲಿ ಕನಾತ್ ಎಂದೂ ಕರೇಜ್ ಎಂದೂ ಅದಕ್ಕೆ ಹೆಸರು. ಬಹಮನಿ ಅರಸರ ಕಾಲದಲ್ಲಿ ದಖ್ಖನ್ನಿಗೂ ಅಲ್ಲಿಯ ಜನರಿಗೂ ನಿಕಟ ಸಂಬಂಧವಿದ್ದುದು ಸುಪ್ರಸಿದ್ಧವೇ ಆಗಿದೆ. ಬೀದರದ ನೌಬಾದಿನಲ್ಲಿರುವ ಕರೇಜಿನಲ್ಲಿ ಇಪ್ಪತ್ತಕ್ಕೂ ಮಿಕ್ಕಿ ಗಾಳಿಗಂಡಿಗಳಿವೆ. ೨೦೧೦ರ ದಶಕದಲ್ಲಿ ಅದರ ಹೂಳನ್ನೆತ್ತಿ ಸ್ವಚ್ಛಗೊಳಿಸುವ ಕೆಲಸ ನಡೆಯಿತು. ಇಂತಹ ಹಾದಿಯನ್ನು ಅಗೆಯುವ ಕ್ರಮವನ್ನು ತಿಳಿದರೆ ಗಾಳಿಗಂಡಿಯ ಅರ್ಥ ತಾನೇ ಗೊತ್ತಾಗುತ್ತದೆ. ಮೊದಲು ನೀರಿನ ಸೆಲೆಯಿರುವ ಎತ್ತರದ ಸ್ಥಳದಲ್ಲಿ ತಾಯಿಬಾವಿಯನ್ನು ತೋಡುತ್ತಾರೆ. ನೀರು ಹೊರಬೀಳಬೇಕಾದ ತಗ್ಗಿನವರೆಗೆ ಗೆರೆ ಹಿಡಿದು ಅಲ್ಲಲ್ಲಿ ನೇರವಾದ ಕುಣಿಗಳನ್ನು ಇಳಿಸುತ್ತಾರೆ. ಆ ಮೇಲೆ ಒಂದು ಕುಣಿಯ ತಳದಿಂದ ಇನ್ನೊಂದರ ತಳಕ್ಕೆ ಇಬ್ಬದಿಯಿಂದಲೂ ಅಗೆಯುತ್ತ ಬಂದು ನಡುವೆ ಕೂಡಿಸುತ್ತಾರೆ. ಇಳಿಜಾರು ಹೆಚ್ಚಾದರೆ ನೀರು ತಳವನ್ನು ಕೊರೆಯುತ್ತದೆ. ಕಡಿಮೆಯಾದರೆ ಹೂಳು ನಿಲ್ಲುತ್ತದೆ. ಅಗೆದ ಮಣ್ಣು ಮೇಲೆ ಬರುವುದು ಈ ಕುಣಿಗಳಿಂದ, ಕೆಲಸಗಾರರಿಗೆ ಉಸಿರು ಸಿಗುವುದು ಈ ಕುಣಿಗಳಿಂದ, ಮುಂದೆ ಹೂಳನ್ನು ತೆಗೆಯಲು ಇಳಿಯುವುದೂ ಇವುಗಳಿಂದಲೇ. ಆದುದರಿಂದ ಗಾಳಿಗಂಡಿಯು ಸುರಂಗಕ್ಕೆ ಸೇರಿಸಿದ ಅಲಂಕಾರವಲ್ಲ. ಸುರಂಗವೇ ಅದರಿಂದ ಹುಟ್ಟಿದುದು. ಹಗೇವಿನ ಒಂದೇ ಬಾಯಿಯ ಕೊರತೆಯನ್ನು ಇಲ್ಲಿ ಹಲವು ಬಾಯಿಗಳಿಂದ ನೀಗಿದ್ದಾರೆ. ಲಂಡನ್ನಿನ ಹುಸಿಮನೆಗಳ ಹಿಂದಿನ ತೆರಪಿಗೂ ತೊರವೆಯ ಹೊಲದೊಳಗಿನ ಕುಣಿಗೂ ಇರುವ ಸಂಬಂಧ ಇಷ್ಟೆ, ಆದರೆ ಇದು ಸಣ್ಣ ಸಂಬಂಧವಲ್ಲ.

ಪಟ್ಟಣದ ದಕ್ಷಿಣದ ಕಡೆ ಮುಹಮ್ಮದ ಆದಿಲಶಾಹನು ೧೬೫೧ರಲ್ಲಿ ಜಹಾನ್ ಬೇಗಮಳ ಹೆಸರಿನಲ್ಲಿ ಕಟ್ಟಿಸಿದ ಬೇಗಂ ತಲಾಬಿನ ವ್ಯವಸ್ಥೆ ಇನ್ನೊಂದು ಬಗೆಯದು. ಕೆರೆಯ ಮಗ್ಗುಲಿನಲ್ಲಿ ನೆಲದೊಳಗೊಂದು ಕೋಣೆ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವೆಗಳು ಪಟ್ಟಣಕ್ಕೆ ನೀರನ್ನು ಒಯ್ಯುತ್ತಿದ್ದುವು. ಕೊಳವೆಗಳನ್ನು ೧೫ರಿಂದ ೫೦ ಅಡಿಯವರೆಗಿನ ಆಳದಲ್ಲಿ ಇರಿಸಿ ಸುತ್ತಲೂ ಗಾರೆಗಲ್ಲಿನ ಕವಚವನ್ನು ಕಟ್ಟಿದ್ದಾರೆ. ಆದರೆ ಮಣ್ಣಿನ ಕೊಳವೆ ನೀರಿನ ಒತ್ತಡವನ್ನು ಎಷ್ಟು ತಾಳೀತು? ಇದಕ್ಕಾಗಿ ದಾರಿಯುದ್ದಕ್ಕೂ ೨೫ರಿಂದ ೪೦ ಅಡಿ ಎತ್ತರದ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದರು. ನೀರು ಗೋಪುರದೊಳಗೆ ತನ್ನ ಮಟ್ಟಕ್ಕೆ ಏರಿ, ಒತ್ತಡವನ್ನು ಅಲ್ಲಿ ಕಳೆದುಕೊಂಡು, ಕೆಸರನ್ನು ತಳದಲ್ಲಿ ಬಿಟ್ಟು, ತಿಳಿಯಾಗಿ ಮುಂದೆ ಸಾಗುತ್ತದೆ. ನೆಲದಿಂದ ಮೇಲಕ್ಕೆ ಎದ್ದುನಿಂತ ಬಾವಿಯೆಂದು ಗಂಜನ್ನು ವರ್ಣಿಸಬಹುದು. ಕೊಳವೆಯಲ್ಲಿ ನೀರು ನಿಂತುಹೋದ ಮೇಲೆ ಗೋಪುರ ಮಾತ್ರ ಬಯಲಿನಲ್ಲಿ ಉಳಿಯುತ್ತದೆ. ಅದನ್ನು ಕಂಡವರು ಕಾವಲುಗಾರನ ಮನೆಯೆಂದೋ ಸುರಂಗದ ಗುಪ್ತದ್ವಾರವೆಂದೋ ಭಾವಿಸಿದರೆ ಆಶ್ಚರ್ಯವಿಲ್ಲ. ತಾಜಬಾವಡಿ, ಚಾಂದಬಾವಡಿಗಳ ಬಗೆಗೆ ಇಲ್ಲಿ ವಿಸ್ತರಿಸುವುದಿಲ್ಲ. ಅವು ಬಯಲಿಗೆ ತೆರೆದ ಜಲಾಶಯಗಳು, ಪ್ರವಾಸಿಗಳೆಲ್ಲರೂ ಕಂಡಂಥವು.

ನೀರನ್ನು ಇಷ್ಟು ಆಳದಲ್ಲಿ ಅಡಗಿಸಿ ತಂದುದರ ಹಿಂದೆ ಆವಿಯಾಗಿ ಹೋಗದಂತೆ ಕಾಪಾಡುವ ಉದ್ದೇಶವಿತ್ತೆಂಬುದು ನಿಜ. ಬಯಲಿನ ನೀರು ಯುದ್ಧದಲ್ಲಿ ಎಷ್ಟು ಅನಿಶ್ಚಿತವೆಂಬುದನ್ನು ೧೬೬೫ರ ಕೊನೆಯಲ್ಲಿ ನಡೆದ ಘಟನೆ ತೋರಿಸುತ್ತದೆ. ಮೊಗಲರ ಸೇನಾಪತಿ ಮಿರ್ಜಾ ರಾಜಾ ಜಯಸಿಂಹನು ವಿಜಾಪುರದ ಹತ್ತಿರಕ್ಕೆ ಬಂದಾಗ ಆದಿಲಶಾಹಿ ಸರಕಾರವು ತಾನಾಗಿಯೇ ಸುತ್ತಲಿನ ಕೆರೆಗಳನ್ನು ಬರಿದುಮಾಡಿ, ಬಾವಿಗಳನ್ನು ಕೆಡಿಸಿ, ಬೆಳೆಯನ್ನು ಹಾಳುಗೆಡವಿ ಶತ್ರುವಿಗೆ ನೀರೂ ಮೇವೂ ಸಿಗದಂತೆ ಮಾಡಿತು. ಜಯಸಿಂಹನು ೧೬೬೬ರ ಜನವರಿಯಲ್ಲಿ ಹಿಂದಿರುಗಬೇಕಾಯಿತು. ತನ್ನ ಕೆರೆಗಳನ್ನೇ ತಾನು ಒಡೆಯಬಲ್ಲ ಪಟ್ಟಣಕ್ಕೆ ಗೋಡೆಯೊಳಗೆ ಬೇರೆ ಆಧಾರವಿದ್ದಿರಲೇಬೇಕು. ಒಳಗಣ ಬಾವಿಗಳನ್ನೂ ನೀರಿನ ಸಂಗ್ರಹಗಳನ್ನೂ ಈ ದೃಷ್ಟಿಯಿಂದ ನೋಡಿದಾಗ ಅವು ಕೇವಲ ವಿಲಾಸದ ರಚನೆಗಳಲ್ಲವೆಂಬುದು ಮನವರಿಕೆಯಾಗುತ್ತದೆ.

ಇಂದು ಪಟ್ಟಣಕ್ಕೆ ಕೃಷ್ಣೆಯ ನೀರು ಕೊಲ್ಹಾರದ ಕಡೆಯಿಂದ ಯಂತ್ರಬಲದಿಂದ ಏರಿ ಬರುತ್ತದೆ. ಹೀಗೆ ನೀರು ಬರುವ ದಿಕ್ಕೇ ಬದಲಾಗಿರುವುದರಿಂದ ಹಳೆಯ ಹಾದಿಯನ್ನು ನೋಡಿಕೊಳ್ಳುವ ಅವಶ್ಯಕತೆ ಯಾರಿಗೂ ಉಳಿದಿಲ್ಲ. ಹೊಲದ ಒಡೆಯನಿಗೆ ಗಾಳಿಗಂಡಿಯು ದನ ಬೀಳುವ ತಗ್ಗು. ನಿವೇಶನ ಮಾಡುವವನಿಗೆ ಅದು ತುಂಬಿಸಬೇಕಾದ ಕುಣಿ. ಬೀದಿಯವರಿಗೆ ಕಸ ಚೆಲ್ಲುವ ಜಾಗ. ಅವರನ್ನು ದೂರಿ ಪ್ರಯೋಜನವಿಲ್ಲ, ಅದೇನೆಂದು ಅವರಿಗೆ ಹೇಳಿದವರಾರು? ಆದರೆ ಸಂಶೋಧಕನ ದೃಷ್ಟಿಯಿಂದ ಇದು ತುಂಬಲಾರದ ನಷ್ಟ. ಸುರಂಗವು ಕಣ್ಣಿಗೆ ಕಾಣದು. ಅದು ಹೋದ ಗೆರೆಯನ್ನು ನೆಲದ ಮೇಲೆ ತೋರಿಸುವುದು ಗಾಳಿಗಂಡಿಗಳ ಸಾಲೊಂದೇ. ಎರಡು ಗಂಡಿಗಳ ನಡುವಿನ ಒಂದನ್ನು ಮುಚ್ಚಿದರೆ ಗೆರೆಯನ್ನು ಇನ್ನೂ ಊಹಿಸಬಹುದು. ಸಾಲಾಗಿ ನಾಲ್ಕನ್ನು ಮುಚ್ಚಿದರೆ ಹಾದಿ ಎಲ್ಲಿ ತಿರುಗಿತೆಂಬುದನ್ನು ಹೇಳುವ ಸಾಧನವೇ ಇಲ್ಲ. ನಮ್ಮ ತಾಲೂಕು ಕೇಂದ್ರಗಳ ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳೊಡನೆ ಹೋಗಿ ಉಳಿದ ಗಂಡಿಗಳ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಆಳವನ್ನು ಅಳೆದು, ಬಾಯಿಯ ಕಟ್ಟಡದ ಕಲ್ಲುಗಾರೆಗಳನ್ನು ವರ್ಣಿಸಿ ಬರೆದಿಟ್ಟರೆ ಅದೇ ಒಂದು ಒಳ್ಳೆಯ ಪ್ರಬಂಧವಾದೀತು. ಆದರೆ ಯಾರೂ ಒಳಗೆ ಇಳಿಯಕೂಡದು. ಹಗೇವಿನ ಪಾಠ ಇಲ್ಲಿಗೂ ಸಲ್ಲುತ್ತದೆ, ದೀಪವೊಂದನ್ನೇ ನಂಬುವಂತೆಯೂ ಇಲ್ಲ.

ಇನ್ನು ಕೋಟೆಯ ದ್ವಾರಗಳ ವಿಚಾರ. ೧೫೬೫ರ ಜನವರಿಯಲ್ಲಿ ಕೃಷ್ಣೆಯ ದಂಡೆಯ ಆ ಮಹಾಯುದ್ಧವು ನಡೆಯಿತು. ಅದನ್ನು ತಾಳಿಕೋಟೆಯ ಯುದ್ಧವೆಂದೂ ರಕ್ಕಸತಂಗಡಿಯ ಯುದ್ಧವೆಂದೂ ಕರೆಯುತ್ತಾರೆ. ತಾಳಿಕೋಟೆ, ತಂಗಡಗಿಗಳೆರಡೂ ನಮ್ಮ ಹಳೆಯ ಮುದ್ದೇಬಿಹಾಳ ತಾಲೂಕಿನವು. ಆ ವಿಜಯದ ಬಳಿಕವೇ ಒಂದನೆಯ ಅಲಿ ಆದಿಲಶಾಹನು ವಿಜಾಪುರದ ಸುತ್ತಲಿನ ಹೊರಕೋಟೆಯನ್ನು ಪೂರ್ತಿಗೊಳಿಸಿದನು. ಸುಮಾರು ಆರು ಮೈಲಿಗೂ ಮಿಕ್ಕಿದ ಸುತ್ತಳತೆ, ೯೬ ಬುರುಜುಗಳು, ಹೊರಗೆ ಕಂದಕ. ಕಟ್ಟುವ ಕೆಲಸವನ್ನು ಬೇರೆ ಬೇರೆ ಸರದಾರರಿಗೆ ಹಂಚಿಕೊಟ್ಟಿದ್ದರೆಂದು ಹೇಳುವುದುಂಟು. ಗೋಡೆಯ ಕೆಲಸ ಎಲ್ಲ ಕಡೆಯೂ ಒಂದೇ ತೆರನಾಗಿಲ್ಲದಿರುವುದು ಆ ಹೇಳಿಕೆಗೆ ಪೋಷಕವಾಗಿದೆ. ಮುಖ್ಯದ್ವಾರಗಳು ಐದು: ಪಶ್ಚಿಮಕ್ಕೆ ಮಕ್ಕಾ, ವಾಯವ್ಯಕ್ಕೆ ಶಹಾಪುರ, ಉತ್ತರಕ್ಕೆ ಬಹಮನಿ, ಪೂರ್ವಕ್ಕೆ ಅಲ್ಲಾಪುರ, ದಕ್ಷಿಣದ ಕಡೆಗೆ ಮನಗೂಳಿ.

ಕೊನೆಯ ಹೆಸರು ನಮಗೆ ವಿಶೇಷ ಕುತೂಹಲದ ವಿಷಯ. ಮನಗೂಳಿಯು ಬಸವನ ಬಾಗೇವಾಡಿ ತಾಲೂಕಿನ ಊರು. ೧೨ನೆಯ ಶತಮಾನದ ಕನ್ನಡ ಶಾಸನಗಳಿಂದ ಅದರ ಪ್ರಾಚೀನತೆ ಸಿದ್ಧವಾಗಿದೆ. ರಾಜಧಾನಿಯ ಮಹಾದ್ವಾರವೊಂದು ಹಲವು ಹರದಾರಿ ಆಚೆಯ ಹಳ್ಳಿಯ ಹೆಸರನ್ನು ಹೊತ್ತಿದ್ದಿತೆಂದರೆ, ಆ ದ್ವಾರದಿಂದ ಹೊರಟ ದಾರಿ ಎತ್ತ ಹೋಗುತ್ತಿತ್ತೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ. ದ್ವಾರದ ಹೆಸರನ್ನು ಇಡುವವನು ಅರಸನಿರಬಹುದು. ಉಳಿಸುವವನು ಅಲ್ಲಿಂದ ಹಾಯುವ ಬಂಡಿಕಾರ.

೧೬೮೫ರಲ್ಲಿ ಮೊಗಲರು ಹಾಕಿದ ಮುತ್ತಿಗೆಯು ೧೬೮೬ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಒಳಗೆ ಆಹಾರವಿಲ್ಲದೆ ಸಿಕಂದರ ಆದಿಲಶಾಹನು ಶರಣಾದನು. ಔರಂಗಜೇಬನು ಪಟ್ಟಣವನ್ನು ಪ್ರವೇಶಿಸಿದುದು ಈ ಮನಗೂಳಿ ದ್ವಾರದಿಂದಲೇ. ಅಂದಿನಿಂದ ಅದು ಫತೇ ದ್ವಾರ, ಎಂದರೆ ವಿಜಯದ್ವಾರ, ಎನಿಸಿತು. ಪಟ್ಟಣವನ್ನು ಗೆದ್ದವನಿಗೆ ಅದು ವಿಜಯದ ದ್ವಾರವಾದರೆ ಪಟ್ಟಣಕ್ಕೆ ಅದೇನಾಯಿತೆಂಬುದನ್ನು ಮುಂದಿನ ಎರಡು ಶತಮಾನಗಳ ಇತಿಹಾಸ ಹೇಳುತ್ತದೆ. ಆಸ್ಥಾನ ಹೋಯಿತು; ಆಸ್ಥಾನವನ್ನು ಆಶ್ರಯಿಸಿದ್ದ ಕುಶಲಕರ್ಮಿಗಳೂ ವ್ಯಾಪಾರಿಗಳೂ ಚದುರಿದರು; ಗೋಡೆಯ ಹೊರಗಣ ಪೇಟೆಗಳು ಬರಿದಾದುವು. ೧೭೬೦ರಲ್ಲಿ ವಿಜಾಪುರವು ನಿಜಾಮನಿಂದ ಪೇಶವೆಗಳಿಗೂ, ೧೮೧೮ರಲ್ಲಿ ಬ್ರಿಟಿಷರ ಮೂಲಕ ಸಾತಾರೆಯ ಅರಸರಿಗೂ, ೧೮೪೮ರಲ್ಲಿ ಆ ಸಂಸ್ಥಾನವು ರದ್ದಾದಾಗ ಬ್ರಿಟಿಷರಿಗೂ ಸೇರಿತು.

ಈ ಅವನತಿಯ ಕಾಲದಲ್ಲಿ ದ್ವಾರಗಳ ಗತಿ ಏನಾಯಿತು? ಮಕ್ಕಾ ದ್ವಾರವನ್ನು ಮುಚ್ಚಿ ಅದರ ಕಟ್ಟಡವನ್ನು ಬೇರೆ ಕೆಲಸಗಳಿಗೆ ಉಪಯೋಗಿಸಿದರು. ಐದು ಮಹಾದ್ವಾರಗಳಲ್ಲಿ ಇದಕ್ಕೇ ಈ ಗತಿ ಬಂದುದಕ್ಕೆ ಕಾರಣವನ್ನು ನಾವು ಹೀಗೆ ಊಹಿಸುತ್ತೇವೆ. ಆದಿಲಶಾಹಿಯ ಏಳಿಗೆಯ ಕಾಲದಲ್ಲಿ ಪಶ್ಚಿಮದ ದಾರಿಯೇ ಕೊಂಕಣದ ಬಂದರುಗಳ ಕಡೆಯ ದಾರಿ. ಅರಬ್ಬೀ ಕುದುರೆಗಳೂ ಇರಾನಿನ ಜನರೂ ಆ ದಿಕ್ಕಿನಿಂದಲೇ ಬರಬೇಕು. ತೊರವೆ, ನವರಸಪುರಗಳ ಸಂಪತ್ತೂ ಅದೇ ದಿಕ್ಕಿನದು. ಬಂದರುಗಳೂ ಕೈಬಿಟ್ಟು, ನವರಸಪುರವೂ ಹಾಳಾಗಿ, ದರಬಾರೂ ಮುಗಿದ ಮೇಲೆ ಆ ಬಾಗಿಲಿನಿಂದ ಬರುವವರಾರು? ಮಹಾದ್ವಾರವನ್ನು ತೆರೆದಿಟ್ಟರೆ ಹಗಲೂ ಇರುಳೂ ಕಾವಲು ಬೇಕು. ಕಾವಲಿಗೆ ಸಂಬಳ ಬೇಕು. ಸಣ್ಣ ಠಾಣ್ಯವುಳ್ಳ ದೊಡ್ಡ ಕೋಟೆಯಲ್ಲಿ ಬಾಗಿಲುಗಳನ್ನು ಕಡಿಮೆ ಮಾಡುವುದೇ ಮಿತವ್ಯಯ. ಗಟ್ಟಿಮುಟ್ಟಾದ ಮುಚ್ಚಿದ ಬಾಗಿಲು ಒಳ್ಳೆಯ ಕೋಣೆಯಾಗುತ್ತದೆ, ಡೌನ್ ಸ್ಟ್ರೀಟಿನ ಓಣಿಗಳು ಕಚೇರಿಯಾದಂತೆ.

ಒಳಕೋಟೆಯಾದ ಅರಕಿಲ್ಲೆಯ ಪೂರ್ವಕ್ಕೆ, ಕಂದಕದ ಆಚೆ, ಅಸಾರ ಮಹಲಿದೆ. ಇದನ್ನೂ ಅರಕಿಲ್ಲೆಯನ್ನೂ ಜೋಡಿಸುವ ಸೇತುವೆಯೊಂದು ಹಿಂದೆ ಕಂದಕದ ಮೇಲಿತ್ತು. ಈಗ ಕಂಬಗಳ ಅವಶೇಷಗಳಿವೆ. ಅರಸನ ಓಡಾಟಕ್ಕಾಗಿ ಇದ್ದ ಹಾದಿ ಅರಸನೊಡನೆಯೇ ಮುಗಿಯಿತು. ಸುರಂಗವನ್ನು ಹುಡುಕುವವರು ಈ ಕಂಬಗಳನ್ನು ನೋಡಬೇಕು: ಅರಮನೆಯವರ ಸ್ವಂತ ಹಾದಿ ನೆಲದಡಿಯಲ್ಲಿರಲಿಲ್ಲ, ಎಲ್ಲರಿಗೂ ಕಾಣುವಂತೆ ನೀರಿನ ಮೇಲೆಯೇ ಇತ್ತು.

ವಿಜಾಪುರಕ್ಕೆ ಜೀವ ಮರಳಿದುದು ೧೯ನೆಯ ಶತಮಾನದ ಕೊನೆಗೆ. ೧೮೭೬-೭೮ರ ಭೀಕರ ಬರಗಾಲದಲ್ಲಿ ಈ ಸೀಮೆಗೆ ಧಾನ್ಯವನ್ನು ತಲುಪಿಸುವ ದಾರಿಯೇ ಇಲ್ಲದೆ ಜನ ಸತ್ತರು. ಆ ಅನುಭವದಿಂದ ಎಚ್ಚತ್ತು ಹಾಕಿದ ಹೋಟಗಿ-ಗದಗ ರೈಲುಮಾರ್ಗವು ೧೮೮೪ರಲ್ಲಿ ತೆರೆಯಿತು. ಮರುವರ್ಷವೇ, ೧೮೮೫ರಲ್ಲಿ, ಜಿಲ್ಲೆಯ ಮುಖ್ಯಸ್ಥಳವು ಕಲಾದಗಿಯಿಂದ ವಿಜಾಪುರಕ್ಕೆ ಬಂದಿತು. ಹಳೆಯ ಮಹಲುಗಳಲ್ಲಿ ಕಚೇರಿಗಳು ಕುಳಿತುವು. ರೈಲು ನಿಲ್ದಾಣವನ್ನು ಕಟ್ಟಿದುದು ಪೂರ್ವದಲ್ಲಿ, ಗೋಳಗುಮ್ಮಟಕ್ಕೆ ಸಮೀಪವಾಗಿ, ಕೋಟೆಯ ಹೊರಗೆ. ಇದರಿಂದ ಪಟ್ಟಣದ ಮುಖವೇ ಪೂರ್ವಕ್ಕೆ ತಿರುಗಿತೆನ್ನಬೇಕು. ಆದಿಲಶಾಹಿ ಕಾಲದಲ್ಲಿ ಪಶ್ಚಿಮ ದಕ್ಷಿಣಗಳ ದ್ವಾರಗಳಿಗಿದ್ದ ಮಹತ್ತ್ವವು ಈಗ ಕೋಟೆಯ ಯಾವ ದ್ವಾರಕ್ಕೂ ಸಲ್ಲದೆ ನಿಲ್ದಾಣದ ಬಾಗಿಲಿಗೆ ಸಂದಿತು.

ನಾಲ್ಕು ತಾಲೂಕುಗಳ ಜನರಿಗೆ ಇದರ ಪರಿಣಾಮ ಒಂದೇ ತೆರನಾಗಲಿಲ್ಲ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳನ್ನು ಆ ರೈಲುಮಾರ್ಗ ಮುಟ್ಟಲಿಲ್ಲ. ಅಲ್ಲಿಯ ಬಂಡಿಗಳು ಹಳೆಯ ದಾರಿಗಳಲ್ಲಿಯೇ ಬರುತ್ತಿದ್ದುವು. ಇಂಡಿ, ಬಾಗೇವಾಡಿಗಳಿಗೆ ರೈಲು ಬಂದಿತಾದರೂ ನಿಲ್ದಾಣಗಳು ಊರಿಂದ ದೂರ ಉಳಿದುವು. ಆದುದರಿಂದ ಅವುಗಳಿಗೆ ಇಂಡಿ ರೋಡ್ ಎಂದೂ ಬಸವನ ಬಾಗೇವಾಡಿ ರೋಡ್ ಎಂದೂ ಹೆಸರಾಯಿತು. ಹಿಂದೆ ಪಟ್ಟಣದ ಬಾಗಿಲು ಹಳ್ಳಿಯ ಹೆಸರನ್ನು ಹೊತ್ತಿದ್ದಂತೆಯೇ ಇಲ್ಲಿ ಬಯಲೊಳಗಿನ ನಿಲ್ದಾಣವು ದೂರದ ಊರಿನ ಹೆಸರನ್ನು ಹೊತ್ತಿತು. ಇಂಡಿಯ ಕಡೆಯಿಂದ ರೈಲಿನಲ್ಲಿ ಬಂದವನು ಬಹಮನಿ ದ್ವಾರವನ್ನು ನೋಡದೆಯೇ ವಿಜಾಪುರದಲ್ಲಿ ಇಳಿದು ಪೇಟೆಗೆ ನಡೆಯುತ್ತಿದ್ದನು.